ಮೆಂತ್ಯಳ ಮಗುವಿನ ನಾಮಕರಣ

ಆಸ್ಟಿನ್‌ನಿಂದ ಫುಲ್‌ಶೀರ್‌ಗೆ ಎರಡೂವರೆ ಗಂಟೆಯ ದಾರಿ. ಅಷ್ಟೂ ದಾರಿ ಇಂದುಮತಿ ತನ್ನನ್ನು ತಾನೇ ಬೈದುಕೊಂಡು ಡ್ರೈವ್ ಮಾಡಿದಳು. ಮೂವತ್ತೊಂದು ವರ್ಷ ಉಗಾಂಡಾದ ರುವಾಂಬಾ ಕಾಡಿನಲ್ಲಿ ಚಿಂಪಾಂಜಿಗಳ ಹಿಂದೆ ಅಲೆದವಳು, ನಾಲ್ಕು ಸಲ ಮಲೇರಿಯಾದಲ್ಲಿ ಮಲಗಿ ಎದ್ದವಳು, ಮದುವೆಗೆ ಪುರುಸೊತ್ತೇ ಆಗದವಳು, ಅರವತ್ತಮೂರನೆಯ ವಯಸ್ಸಿಗೆ ರೇಷ್ಮೆ ಸೀರೆ ಉಟ್ಟು ಒಂದು ಚಿಂಪಾಂಜಿ ಮರಿಯ ನಾಮಕರಣಕ್ಕೆ ಹೊರಟಿದ್ದಳು. ಮರಿ ಇರುವುದು ಉಗಾಂಡಾದಲ್ಲಿ. ನಾಮಕರಣ ಮಾತ್ರ ಟೆಕ್ಸಸ್‌ನಲ್ಲಿ, ವೆಂಕಟಗಿರಿ ಎಂಬ ಮಹಾನುಭಾವರ ಮನೆಯ ಹಾಲಿನಲ್ಲಿ, ಹನ್ನೊಂದೂಕಾಲರ ಮುಹೂರ್ತಕ್ಕೆ. ಆಮೇಲೆ ಹೋಳಿಗೆ ಊಟ.

ಈ ವೆಂಕಟಗಿರಿ ಗಂಟುಬಿದ್ದದ್ದು ಡಾಲಸ್ ಪಕ್ಕದ ಪ್ಲೇನೋದಲ್ಲಿ, ಕಳೆದ ದೀಪಾವಳಿಯ ಕಾರ್ಯಕ್ರಮದಲ್ಲಿ. ಕನ್ನಡದವರು ಕರೆದರಲ್ಲ ಎಂಬ ಒಂದೇ ದಾಕ್ಷಿಣ್ಯಕ್ಕೆ ಇಂದುಮತಿ ಡಾಲಸ್‌ವರೆಗೆ ಹೋಗಿ, ಮಕ್ಕಳ ಫ್ಯಾನ್ಸಿ ಡ್ರೆಸ್ಸಿಗೂ ಅಂತ್ಯಾಕ್ಷರಿಗೂ ನಡುವೆ ಸಿಕ್ಕ ಇಪ್ಪತ್ತು ನಿಮಿಷದಲ್ಲಿ ತನ್ನ ಬದುಕನ್ನು ಹೇಳಿಕೊಂಡಿದ್ದಳು. ಹೇಳಿದ್ದೆಲ್ಲ ನೀರಲ್ಲಿ ಹೋಮ ಮಾಡಿದ ಹಾಗಾಯಿತು. ಒಬ್ಬರು ಎದ್ದು ನಿಂತು ಆಂಜನೇಯನ ವಂಶ ಇವೇನಾ ಎಂದು ಕೇಳಿದರು. ಇನ್ನೊಬ್ಬರು, ಒಂದನ್ನು ಮುಂದಿನ ವರ್ಷ ಸ್ಟೇಜಿಗೆ ತರಬಹುದಾ ಮೇಡಂ, ಮಕ್ಕಳಿಗೆ ಖುಷಿಯಾಗುತ್ತೆ, ಎಂದರು. ಚಿಂಪಾಂಜಿಗಳು ಗುಂಪು ಕಟ್ಟಿಕೊಂಡು ಬೇಟೆಯಾಡಿ ಮಾಂಸ ತಿನ್ನುತ್ತವೆ ಎಂದಾಗ ಮುಂದಿನ ಸಾಲಿನ ಆಂಟಿಯರೆಲ್ಲ ಮುಖ ಸಿಂಡರಿಸಿ, ಅವಳೇ ತಿಂದುಬಂದಿದ್ದಾಳೇನೋ ಎಂಬಂತೆ ನೋಡಿದರು.

ಊಟದ ಸಾಲಿನಲ್ಲಿ ವೆಂಕಟಗಿರಿ ಬಂದು ಕೈಮುಗಿದ. ಮೈಸೂರಿನವನು, ಪ್ಲೇನೋದಲ್ಲಿ ಕಂಪನಿ, ಅಮೆರಿಕದ ಆಫೀಸುಗಳಿಗೆ ಕಾಂಟ್ರಾಕ್ಟಿನ ಮೇಲೆ ಇಂಜಿನಿಯರುಗಳನ್ನು ಕಳಿಸುವ ದಂಧೆ. ಮನೆಯನ್ನು ಮಾತ್ರ ಹ್ಯೂಸ್ಟನ್ ಹೊರವಲಯದ ಫುಲ್‌ಶೀರ್‌ನಲ್ಲಿ ಕಟ್ಟಿಸಿದ್ದ.

"ಮೇಡಂ, ನಿಮ್ಮ ಮರಿಗಳಲ್ಲಿ ಒಂದಕ್ಕೆ ನಮ್ಮ ಅಪ್ಪಾಜಿ ಹೆಸರು ಇಡಿ. ರಾಮಮೂರ್ತಿ ಅಂತ. ನೀವು ಹೇಳಿದ್ರಲ್ಲ ಆ ತಂಡ, ಅದರ ಎರಡು ವರ್ಷದ ಖರ್ಚು ಪೂರಾ ನಂದು."

ಆ ತಂಡ ಎಂದರೆ ಉರುಲು ತೆಗೆಯುವ ಎಂಟು ಜನ. ಹಂದಿ, ಜಿಂಕೆಗಳಿಗೆಂದು ಹಳ್ಳಿಯವರು ಕಾಡಿನ ನೆಲದಲ್ಲಿ ತಂತಿಯ ಉರುಲು ಒಡ್ಡುತ್ತಾರೆ, ಅದಕ್ಕೆ ಚಿಂಪಾಂಜಿಗಳ ಕೈ ಕಾಲು ಸಿಕ್ಕಿಕೊಳ್ಳುತ್ತದೆ. ಎಳೆದಷ್ಟೂ ಬಿಗಿಯುವ ತಂತಿ. ಆ ಎಂಟು ಜನ ದಿನಾ ಬೆಳಗಾದರೆ ಕಾಡಿನೊಳಗೆ ಹೋಗಿ ಒಂದೊಂದೇ ಉರುಲು ಬಿಚ್ಚಿ ತರುತ್ತಾರೆ. ಅವರಿಗೆ ಹಣ ಕೊಡುತ್ತಿದ್ದ ಸಂಸ್ಥೆ ಕೈಯೆತ್ತಿತ್ತು. ಮಾರ್ಚ್ ಕಳೆದರೆ ಅವರು ಮನೆಗೆ, ತಂತಿಗಳು ಕಾಡಿಗೆ. ಇಂದುಮತಿ ಕಂಡಕಂಡವರ ಬಾಗಿಲು ಬಡಿದು ಸುಸ್ತಾಗಿದ್ದಳು.

"ಒಂದು ವರ್ಷ ತುಂಬೋವರೆಗೆ ನಾವು ಯಾವ ಮರಿಗೂ ಹೆಸರಿಡೋದಿಲ್ಲ," ಎಂದಳು.

"ಯಾಕೆ ಮೇಡಂ?"

"ಉಳಿಯುತ್ತೋ ಇಲ್ಲವೋ ಗೊತ್ತಿರೋದಿಲ್ಲ."

"ಅಯ್ಯೋ, ಬಿಡ್ತು ಅನ್ನಿ! ನಮ್ಮ ಅಪ್ಪಾಜಿ ಹೆಸರು ಇಟ್ಟ ಮೇಲೆ ಏನೂ ಆಗಲ್ಲ. ಶಾಸ್ತ್ರೋಕ್ತವಾಗಿ ಮಾಡೋಣ. ಅಂದಹಾಗೆ, ನಮ್ಮ ಮರಿ ವೆಜ್ ತಾನೆ?"

ಇಂದುಮತಿಗೆ ಮೈಯೆಲ್ಲ ಉರಿದುಹೋಯಿತು. ಆದರೆ ಒಪ್ಪಿಕೊಂಡಳು. ಮೂವತ್ತೊಂದು ವರ್ಷದ ನಿಯಮವನ್ನು ಒಂದು ಚಿರೋಟಿಯ ತಟ್ಟೆ ಹಿಡಿದುಕೊಂಡು ಮುರಿದಳು.

ರುವಾಂಬಾದ ಚಿಂಪಾಂಜಿಗಳಿಗೆಲ್ಲ ಅವಳು ಅಡುಗೆಮನೆಯ ಹೆಸರು ಇಟ್ಟಿದ್ದಳು. ಜೀರಿಗೆ, ಸಾಸಿವೆ, ಮೆಂತ್ಯ, ಗಸಗಸೆ. ಕಾಡಿಗೆ ಹೋದ ಹೊಸತರಲ್ಲಿ ಊಟಕ್ಕೆ ಅವಲಕ್ಷಣದ ಬೀನ್ಸ್ ಕಾಳು ಬಿಟ್ಟು ಬೇರೇನೂ ಸಿಗದೆ, ಬಾಯಿ ಕೆಟ್ಟು ಇಟ್ಟ ಹೆಸರುಗಳು. ಕಾಡಿನಲ್ಲಿ ಚಿಂಪಾಂಜಿಗಳ ಜಾಡು ಹಿಡಿಯುವ ಉಗಾಂಡಾದ ಹುಡುಕಾಟಗಾರರು ಮುಖದಲ್ಲಿ ಒಂದಿಷ್ಟೂ ನಗುವಿಲ್ಲದೆ "ಜೀರಿಗೆ ಮರ ಹತ್ತಿದಳು" ಎಂದು ಪುಸ್ತಕದಲ್ಲಿ ಬರೆಯುತ್ತಿದ್ದರು. ವರ್ಷ ತುಂಬದ ಮರಿಗಳಿಗೆ ತಾಯಿಯ ಹೆಸರು, ಮುಂದೊಂದು ನಂಬರು. 'ಮೆಂತ್ಯ ಒಂದು' ಮೂರು ವರ್ಷ ಬದುಕಿ, ಹೆಸರೂ ಪಡೆದು, ಉರುಲಿಗೆ ಸಿಕ್ಕಿ ಸತ್ತಿತು. 'ಮೆಂತ್ಯ ಎರಡು' ಕೆಮ್ಮಿಗೆ ಹೋಯಿತು. ಈಗ ನಾಲ್ಕು ತಿಂಗಳ 'ಮೆಂತ್ಯ ಮೂರು' ರಾಮಮೂರ್ತಿಯಾಗಲು ಕಾದಿತ್ತು.

ಕೊಲಂಬಸ್ ಊರಿನ ಹತ್ತಿರ ಪೆಟ್ರೋಲಿಗೆ ನಿಲ್ಲಿಸಿದಾಗ ಫೋನಿನಲ್ಲಿ ಬ್ಯಾರುಹಾಂಗನ ಧ್ವನಿ ಕಾದಿತ್ತು. ಬ್ಯಾರುಹಾಂಗ ಅವಳ ಹಿರಿಯ ಹುಡುಕಾಟಗಾರ, ಇಪ್ಪತ್ತೆಂಟು ವರ್ಷದಿಂದ ಜೊತೆಗಿದ್ದವನು. ಉಸಿರಿನಷ್ಟೇ ಮೆಲ್ಲಗೆ ಮಾತಾಡುವವನು.

"ಪ್ರೊಫೆಸರ್, ಬೆಳಿಗ್ಗೆ ಏಳು ನಲವತ್ತಕ್ಕೆ ಮೆಂತ್ಯ ಅತ್ತಿಮರಕ್ಕೆ ಬಂದಳು. ಮಗು ಹೊಟ್ಟೆಗೆ ಅಂಟಿಕೊಂಡಿಲ್ಲ. ಒಂದು ಕೈಯಲ್ಲಿ ಹಿಡಿದಿದ್ದಾಳೆ. ತಲೆ ಜೋತುಬಿದ್ದಿದೆ. ನೊಣ ಓಡಿಸುತ್ತಿದ್ದಾಳೆ. ಒಂಬತ್ತು ಗಂಟೆ ಹತ್ತು ನಿಮಿಷದವರೆಗೆ ನೋಡಿದೆವು. ಸತ್ತಿದೆ. ಕಾರಣ ಗೊತ್ತಿಲ್ಲ ಎಂದು ಬರೆದಿದ್ದೇನೆ."

ಎರಡು ಸಲ ಕೇಳಿದಳು. ಹಿಂದಿನ ಟ್ರಕ್ಕಿನವನು ಹಾರ್ನ್ ಹೊಡೆದ ಮೇಲೆ ಕಾರನ್ನು ಪಕ್ಕಕ್ಕೆ ತೆಗೆದು ನಿಲ್ಲಿಸಿ, ಸ್ಟಿಯರಿಂಗ್ ಹಿಡಿದು ಕೂತಳು. ಅಳು ಬರಲಿಲ್ಲ. ಮೊದಲು ಬಂದದ್ದು ಲೆಕ್ಕಾಚಾರ, ಅದಕ್ಕೇ ಅವಳಿಗೆ ತನ್ನ ಮೇಲೆ ಹೇಸಿಗೆಯಾಯಿತು. ಈಗ ಹೇಳಿದರೆ, ಅಪ್ಪನ ಹೆಸರಿಡುವ ದಿನವೇ ಸಾವು ಎಂದು ವೆಂಕಟಗಿರಿ ಬೆಚ್ಚಿ ಕೈಬಿಡುತ್ತಾನೆ, ಮಾರ್ಚ್‌ಗೆ ಎಂಟೂ ಜನ ಮನೆಗೆ. ಹೇಳದಿದ್ದರೆ ಎರಡು ವರ್ಷ ಉರುಲುಗಳು ಹೊರಗೆ ಬರುತ್ತವೆ, ಜೀರಿಗೆಯ ಮಗುವೋ ಗಸಗಸೆಯ ಮಗುವೋ ಉಳಿಯುತ್ತದೆ. ಅವನು ಎಲ್ಲರೆದುರು ಮಾತು ಕೊಡುವವರೆಗೆ ಬಾಯಿ ಮುಚ್ಚಿಕೊಂಡಿದ್ದರೆ ಸಾಕು. ಕಂಡದ್ದನ್ನು ಬಿಡಬೇಡಿ, ಕಾಣದ್ದನ್ನು ಬರೆಯಬೇಡಿ ಎಂದು ಮೂವತ್ತು ಬ್ಯಾಚು ವಿದ್ಯಾರ್ಥಿಗಳ ತಲೆ ತಿಂದವಳು ಅವಳು. ಅವಳ ನೋಟ್‌ಬುಕ್ಕುಗಳಲ್ಲಿ ಒಂದೇ ಒಂದು ಸುಳ್ಳು ಸಾಲಿರಲಿಲ್ಲ. ಇರಲಿ, ಇದು ನೋಟ್‌ಬುಕ್ಕಲ್ಲವಲ್ಲ, ಎಂದು ಗೇರ್ ಹಾಕಿದಳು.

ವೆಂಕಟಗಿರಿಯ ಮನೆಯ ಬಾಗಿಲಲ್ಲಿ ಗಾಳಿ ತುಂಬಿದ ಜಿರಾಫೆಯೊಂದು ಬಾಗಿ ಸ್ವಾಗತಿಸುತ್ತಿತ್ತು. "ಜಂಗಲ್ ಥೀಮ್ ಮೇಡಂ!" ಎಂದು ಅವನೇ ಓಡಿಬಂದ. ಒಳಗೆ ಚಿರತೆ ಚುಕ್ಕಿಯ ಬ್ಲೌಸು ತೊಟ್ಟ ಹೆಂಗಸರು, ಹುಲಿಯ ಕಿವಿ ಸಿಕ್ಕಿಸಿಕೊಂಡ ಮಕ್ಕಳು, ಪ್ಲಾಸ್ಟಿಕ್ ಬಳ್ಳಿ, ಪ್ಲಾಸ್ಟಿಕ್ ಬಾಳೆಗೊನೆ. ಹಾಲಿನ ಮಧ್ಯದಲ್ಲಿ ಬೆಳ್ಳಿಯ ತೊಟ್ಟಿಲು. ತೊಟ್ಟಿಲಲ್ಲಿ ಜರಿಯ ಟೋಪಿ ಹಾಕಿಕೊಂಡ ಗೊಂಬೆ. ಗೊಂಬೆಗೆ ಮೊಳದುದ್ದ ಬಾಲ.

ಚಿಂಪಾಂಜಿಗೆ ಬಾಲವಿಲ್ಲ. ಈ ಮನೆಯ ಅರವತ್ತು ಜನರಲ್ಲಿ, ಎಲ್ಲರೂ ಒಂದಲ್ಲ ಒಂದು ಡಿಗ್ರಿ ಹೊತ್ತವರಲ್ಲಿ, ಒಬ್ಬನಿಗಾದರೂ ಅದು ಗೊತ್ತಿರಬೇಡವೇ? ಗೊತ್ತಿರುವ ಒಬ್ಬಳಿಗೂ ಇವತ್ತು ಅದನ್ನು ಹೇಳುವ ಯೋಗ್ಯತೆ ಇರಲಿಲ್ಲ.

ಪುರೋಹಿತ ಜಯತೀರ್ಥ ಟ್ಯಾಬ್ಲೆಟ್ ತಿಕ್ಕುತ್ತ ಕೂತಿದ್ದ. ವಾರದ ದಿನಗಳಲ್ಲಿ ಹ್ಯೂಸ್ಟನ್ ಪಕ್ಕದ ಸೈಪ್ರೆಸ್‌ನ ಮನೆಯಿಂದ ಯಾವುದೋ ಬ್ಯಾಂಕಿನ ಡೇಟಾಬೇಸ್ ನೋಡಿಕೊಳ್ಳುತ್ತಾನೆ, ಶನಿವಾರ ಭಾನುವಾರ ಪೌರೋಹಿತ್ಯ.

"ಮೇಡಂ, ಜನನ ಸಮಯ ಬೆಳಗಿನ ಜಾವ ಅಂತ ಕೊಟ್ಟಿದ್ರಿ. ಉಗಾಂಡಾ ಟೈಮ್ ಹಾಕಿದ್ರೆ ಆಶ್ಲೇಷಾ ಬರುತ್ತೆ. ಸ್ವಲ್ಪ ಶಾಂತಿ ಮಾಡಿಸಿದ್ರೆ ಒಳ್ಳೇದು."

"ಯಾರಿಗೆ?"

"ಶಿಶುವಿಗೆ. ಮತ್ತೆ ಗೋತ್ರ?"

ಇಂದುಮತಿ ಅವನ ಮುಖವನ್ನೇ ನೋಡಿದಳು. ಜಯತೀರ್ಥ ತಾನೇ ಸಮಾಧಾನ ಮಾಡಿಕೊಂಡ. "ಗೊತ್ತಿಲ್ಲದವರಿಗೆಲ್ಲ ಕಾಶ್ಯಪ. ಶಾಸ್ತ್ರದಲ್ಲೇ ಇದೆ, ಏನೂ ಯೋಚನೆ ಮಾಡ್ಬೇಡಿ."

ಗೋಡೆಯಗಲದ ಟೀವಿಯಲ್ಲಿ ಅವಳು ಹೋದ ತಿಂಗಳು ಕಳಿಸಿದ್ದ ವಿಡಿಯೋ ಬಂತು. ಎಡಗೈಯ ಎರಡು ಬೆರಳು ತಂತಿಗೆ ಬಲಿಕೊಟ್ಟ ಮೆಂತ್ಯ, ಅವಳ ಹೊಟ್ಟೆಯ ರೋಮ ಹಿಡಿದು ನೇತಾಡುವ ಮರಿ. ಮರಿ ಕತ್ತು ಹೊರಳಿಸಿ ಕ್ಯಾಮೆರಾ ಕಡೆ ನೋಡಿತು. ಹಾಲಿಗೆ ಹಾಲೇ "ಸೋ ಕ್ಯೂಟ್" ಎಂದಿತು. ವೆಂಕಟಗಿರಿ ಮೈಕಿನಲ್ಲಿ, "ಫ್ರೆಂಡ್ಸ್, ಇದು ಲೈವ್! ಡೈರೆಕ್ಟ್ ಫ್ರಮ್ ಆಫ್ರಿಕಾ!" ಎಂದು ಕೂಗಿದ. ಅದು ಲೈವ್ ಅಲ್ಲವೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಅಲ್ಲ ಎಂದು ಹೇಳಬೇಕಾದವಳು ತಟ್ಟೆಯಲ್ಲಿದ್ದ ದ್ರಾಕ್ಷಿ ಲೆಕ್ಕ ಹಾಕುತ್ತ ನಿಂತಳು. ಥೂ, ಇವನಿಗೂ ನನಗೂ ಏನು ವ್ಯತ್ಯಾಸ ಅನ್ನಿಸಿತು. ಅವನು ಸುಳ್ಳನ್ನು ಕೂಗಿ ಹೇಳುತ್ತಾನೆ, ಅಷ್ಟೆ.

ತೊಟ್ಟಿಲ ಪಕ್ಕದ ಕುರ್ಚಿಯಲ್ಲಿ ವೆಂಕಟಗಿರಿಯ ತಾಯಿ ಸುಶೀಲಮ್ಮ ಕೂತಿದ್ದರು. ಎಂಬತ್ತನಾಲ್ಕು ವರ್ಷ, ಮಂಡಿನೋವು, ಮೇಲೊಂದು ಸ್ವೆಟರು. ಮಗುವನ್ನು ತೊಟ್ಟಿಲಿಗೆ ಹಾಕುವ ಹಿರಿಯರು ಬೇಕಲ್ಲ, ಅದಕ್ಕೆ ಅವರನ್ನು ಬಾಲದ ಗೊಂಬೆಯ ಕಾವಲಿಗೆ ಕೂರಿಸಿದ್ದರು. ಗಂಡನ ಹೆಸರನ್ನು ಚಿಂಪಾಂಜಿಗೆ ಇಡುತ್ತಿದ್ದರೂ ಪಿಟ್ಟೆನ್ನದೆ ಕೂತಿರುವ ಮುದುಕಿ ಎಂದು ಇಂದುಮತಿಗೆ ಅವರ ಮೇಲೂ ತಾತ್ಸಾರವೇ. ಅವರು ಬೆರಳಾಡಿಸಿ ಕರೆದರು.

"ಕೂತ್ಕೊಳ್ಳಿ. ಮಗು ಹೇಗಿದೆ?"

"ಚೆನ್ನಾಗಿದೆ."

ಎಷ್ಟು ಸಲೀಸಾಗಿ ಬಂತು! ಸುಶೀಲಮ್ಮ ಟೀವಿ ನೋಡುತ್ತಲೇ ಇದ್ದರು.

"ಇವಳಿಗೆ ಎರಡು ಹೋಗಿದೆ ಅಂತ ನಮ್ಮ ಗಿರಿ ಹೇಳ್ದ."

"ಹೌದಮ್ಮ."

"ಹಾಗಿದ್ರೆ ಇಷ್ಟು ದೊಡ್ಡ ಹೆಸರು ಇಡ್ಬೇಡಿ. ನಮ್ಮೆಜಮಾನ್ರ ಹೆಸರು ಅಂತಲ್ಲ. ಯಾವ ಒಳ್ಳೇ ಹೆಸರೂ ಬೇಡ." ದನಿ ತಗ್ಗಿಸಿದರು. "ನನಗೂ ಎರಡು ಉಳೀಲಿಲ್ಲ. ಮೊದಲನೇದಕ್ಕೆ ಹನ್ನೊಂದನೇ ದಿನಕ್ಕೇ ಎಷ್ಟು ಚೆಂದದ ಹೆಸರಿಟ್ಟಿದ್ವಿ. ಮೂರನೇದು ಇವನು. ನಮ್ಮತ್ತೆ ಇವನನ್ನ ಹಿತ್ತಲ ತಿಪ್ಪೆ ಮೇಲೆ ಹೊರಳಿಸಿ, ತಿಪ್ಪ ಅಂತ ಕೂಗಿದ್ರು. ಬೇಡದ ಮಗು ಅಂತಾದ್ರೆ ಸಾವೂ ಮೂಸಿ ನೋಡಲ್ಲ ಅಂತ. ಆರು ವರ್ಷ ಇವನಿಗೆ ನಾನು ಒಂದು ಮುದ್ದಿನ ಮಾತು ಆಡ್ಲಿಲ್ಲ. ಥೂ ದರಿದ್ರದವನೆ, ಬಾ ಇಲ್ಲಿ, ತಿನ್ನು, ಅಂತ ತುತ್ತು ಇಡ್ತಿದ್ದೆ. ಒಳಗೆ ಜೀವ ಬಾಯಿಗೆ ಬರೋದು. ಸ್ಕೂಲಿಗೆ ಸೇರಿಸ್ದಾಗ ವೆಂಕಟಗಿರಿ ಅಂತ ಬರೆಸಿದ್ವಿ. ಇಲ್ಲಿ ಯಾರಿಗೂ ಗೊತ್ತಿಲ್ಲ, ಹೇಳಿದ್ರೆ ನನ್ನ ಕೊಂದೇಬಿಡ್ತಾನೆ."

ಇಂದುಮತಿ ಮನಸ್ಸಿನಲ್ಲೇ ಎಣಿಸಿದಳು. ಮೆಂತ್ಯ ಒಂದು, ಮೆಂತ್ಯ ಎರಡು, ಮೆಂತ್ಯ ಮೂರು. ವಿಜ್ಞಾನದ ಶಿಸ್ತು ಎಂದು ಎಷ್ಟು ಸೆಮಿನಾರುಗಳಲ್ಲಿ ಎದೆ ಉಬ್ಬಿಸಿ ಹೇಳಿದ್ದಳು! ಈ ಮುದುಕಿಯ ಅತ್ತೆಯ ತಿಪ್ಪೆಗೂ ತನ್ನ ನಂಬರಿಗೂ ಕೂದಲೆಳೆಯ ವ್ಯತ್ಯಾಸವಿರಲಿಲ್ಲ. ಹೆಸರಿಟ್ಟರೆ ಹೋಗಿಬಿಡುತ್ತದೆ ಎಂಬ ಅದೇ ಭಯ. ಈ ಹೆಂಗಸಿನ ಮುಂದೆ ಸುಳ್ಳು ನಿಲ್ಲಲಿಲ್ಲ.

"ಅಮ್ಮ, ಅದು ಹೋಯ್ತು. ಇವತ್ತು ಬೆಳಿಗ್ಗೆ."

ಸುಶೀಲಮ್ಮ ತೊಟ್ಟಿಲ ಅಂಚನ್ನು ಹಿಡಿದುಕೊಂಡರು. ಟೀವಿಯಲ್ಲಿ ಮರಿ ಮತ್ತೆ ಮೊದಲಿನಿಂದ ಕತ್ತು ಹೊರಳಿಸಿತು.

"ತಾಯಿ?"

"ಎತ್ಕೊಂಡೇ ಓಡಾಡ್ತಿದ್ದಾಳೆ. ಕೆಲವರು ವಾರಗಟ್ಟಲೆ ಇಳಿಸೋದಿಲ್ಲ."

"ಯಾರೂ ಕಿತ್ಕೊಳ್ಳಲ್ವಾ?"

"ಇಲ್ಲಮ್ಮ. ಹತ್ತು ಮೀಟರಿಗಿಂತ ಹತ್ತಿರ ನಾವು ಯಾರೂ ಹೋಗೋ ಹಾಗಿಲ್ಲ. ಅದು ನಿಯಮ."

"ನನ್ನ ಕೈಯಿಂದ ಅವತ್ತೇ ಕಿತ್ಕೊಂಡು ಹೋದ್ರು," ಎಂದರು ಸುಶೀಲಮ್ಮ. "ಎರಡು ಸಲಾನೂ."

ಇಂದುಮತಿ ಎದ್ದು ನೇರವಾಗಿ ವೆಂಕಟಗಿರಿಯ ಹತ್ತಿರ ಹೋದಳು. ಅವನನ್ನು ತೊಟ್ಟಿಲ ಬಳಿಗೇ ಕರೆತಂದು, ಮರಿ ಸತ್ತಿದೆ, ನಾಮಕರಣ ಬೇಡ, ಎಂದಳು. ಎರಡೇ ಮಾತು. ತಂಡ ಹೋಯಿತು ಎಂದುಕೊಂಡೇ ಹೇಳಿದಳು.

ಅವನ ಮುಖ ಬಿಳಿಚಿತು. ಒಂದು ಕ್ಷಣ ಇವನಿಗೂ ದುಃಖವಾಯಿತೇನೋ ಎಂದು ಅವಳು ಅಂದುಕೊಂಡಳು. ಎಲ್ಲಿಯ ದುಃಖ! ಅವನು ಸುತ್ತ ನೋಡಿ, ಮೈಕನ್ನು ಹೊಟ್ಟೆಗೆ ಒತ್ತಿ ಹಿಡಿದು, ಪಿಸುಗುಟ್ಟಿದ.

"ಬೇರೆ ಮರಿ ಇದ್ಯಾ ಮೇಡಂ?"

"ಏನು?"

"ಬೇರೆ ಯಾವುದಾದ್ರೂ. ಗಂಡಾಗಿದ್ರೆ ಸಾಕು. ಎಲ್ಲ ಒಂದೇ ಥರ ಇರ್ತಾವಲ್ಲ, ಯಾರಿಗೆ ಗೊತ್ತಾಗುತ್ತೆ? ವಿಡಿಯೋ ಇದೇ ಓಡ್ಲಿ. ಮುಹೂರ್ತಕ್ಕೆ ಇನ್ನು ಆರು ನಿಮಿಷ ಇದೆ. ಜನ ಬಂದುಬಿಟ್ಟಿದ್ದಾರೆ, ಮೇಡಂ. ಇದೊಂದು ಮಾಡಿಕೊಡಿ, ಎರಡಲ್ಲ, ಮೂರು ವರ್ಷ ನಂದು."

ಬೇರೆ ಮರಿ ಇತ್ತು. ಜೀರಿಗೆಯ ಎರಡನೆಯದು, ಆರು ತಿಂಗಳು, ಗಂಡು. ಹೂಂ ಎಂದರೆ ಮೂರು ವರ್ಷ. ಇಲ್ಲ ಎಂದು ಇಂದುಮತಿಗೆ ಆ ಕ್ಷಣಕ್ಕೆ ಹೇಳಲಾಗಲಿಲ್ಲ, ಅದನ್ನು ಅವಳು ಆಮೇಲೂ ಮರೆಯಲಿಲ್ಲ.

"ತಿಪ್ಪಾ!"

ಸುಶೀಲಮ್ಮ ಕುರ್ಚಿಯ ಕೈ ಹಿಡಿದು ಎದ್ದುನಿಂತಿದ್ದರು. ಆ ಒಣಗಿದ ಮೈಯಲ್ಲಿ ಅಷ್ಟು ದೊಡ್ಡ ಗಂಟಲಿದೆ ಎಂದು ಯಾರಿಗೂ ಗೊತ್ತಿರಲಿಲ್ಲ. ಜಯತೀರ್ಥನ ಬೆರಳು ಟ್ಯಾಬ್ಲೆಟ್ಟಿನ ಮೇಲೆ ನಿಂತಿತು.

"ಅಮ್ಮ, ಏನಿದು..."

"ಬಾಯ್ಮುಚ್ಚೋ, ತಿಪ್ಪ. ಬೇರೆ ಮರಿಯಂತೆ ಬೇರೆ ಮರಿ! ನೀನು ಹುಟ್ಟಿದಾಗ ನನಗೆ ಹಾಗಂದಿದ್ರು ಕಣೋ. ಹೋದ್ರೆ ಹೋಯ್ತು, ಇನ್ನೊಂದು ಬಂತಲ್ಲ, ಅಂತ. ಅವತ್ತು ಅಂದವರ ಮುಖ ಇನ್ನೂ ನನಗೆ ನೆನಪಿದೆ." ತೊಟ್ಟಿಲಿಗೆ ಕೈಹಾಕಿ ಗೊಂಬೆಯನ್ನು ಬಾಲ ಹಿಡಿದು ಎತ್ತಿ ಸೋಫಾದ ಮೇಲೆ ಎಸೆದರು. "ಆ ಕಾಡಿನವರಿಗೆ ಏನು ಕೊಡ್ತೀನಿ ಅಂದಿದ್ಯೋ ಅದನ್ನ ಕೊಡು. ಹೆಸರು ಗಿಸರು ಏನೂ ಬೇಡ. ಈಗಲೇ ಹೇಳು, ಎಲ್ಲರೆದುರಿಗೆ."

ವೆಂಕಟಗಿರಿ ಐವತ್ತೆಂಟು ವರ್ಷದ ಗಂಡಸು, ಇನ್ನೂರು ಜನಕ್ಕೆ ಸಂಬಳ ಕೊಡುವವನು. ಮೈಕನ್ನು ಬಾಯಿಗೆ ತಂದು ಆರು ವರ್ಷದವನ ದನಿಯಲ್ಲಿ ಹೇಳಿದ. ಯಾರೋ ಚಪ್ಪಾಳೆ ತಟ್ಟಿದರು, ಉಳಿದವರೂ ತಟ್ಟಿದರು. ಏನಾಯಿತೆಂದು ಅರ್ಥವಾದವರು ನಾಲ್ಕು ಜನರಿದ್ದರೆ ಹೆಚ್ಚು. ಆಮೇಲೆ ಎಲ್ಲರೂ ಹೋಳಿಗೆ ಊಟ ಮಾಡಿದರು. ಹೋಳಿಗೆ ಚೆನ್ನಾಗಿತ್ತಂತೆ. ಇಂದುಮತಿ ತಿನ್ನದೆ ಹೊರಟಳು.

ಮಾತು ಕೊಟ್ಟದ್ದನ್ನು ವೆಂಕಟಗಿರಿ ಉಳಿಸಿಕೊಂಡ. ಜೊತೆಗೆ ಎಂಟು ಜಾಕೆಟ್ಟುಗಳನ್ನೂ ಕಳಿಸಿದ, ಬೆನ್ನಿನ ಮೇಲೆ ಅವನ ಕಂಪನಿಯ ಹೆಸರು ಮೊಳದಗಲ. ಮಳೆಗೆ ಒದ್ದೆಯಾಗುವುದಿಲ್ಲವಂತೆ, ಬ್ಯಾರುಹಾಂಗ ಖುಷಿಯಾಗಿದ್ದ. ತಂಡ ಏಪ್ರಿಲ್‌ನಲ್ಲೂ ಕಾಡಿಗೆ ಹೋಯಿತು.

ನಾಮಕರಣದ ಮರುದಿನ ಬೆಳಿಗ್ಗೆ ಹತ್ತಕ್ಕೆ ಇಂದುಮತಿಗೆ ಫೋನ್ ಬಂದಿತ್ತು. ಸುಶೀಲಮ್ಮ.

"ಇಳಿಸಿದ್ಲಾ?"

"ಇಲ್ಲಮ್ಮ."

ಅಷ್ಟೇ, ಫೋನಿಟ್ಟರು. ಅದರ ಮಾರನೆಯ ದಿನವೂ ಹತ್ತಕ್ಕೆ, ಅದರ ಮಾರನೆಯ ದಿನವೂ. ಒಂದು ದಿನ ಇಂದುಮತಿ ಕ್ಲಾಸಿನ ನಡುವೆ ಪಾಠ ನಿಲ್ಲಿಸಿ, ಹೊರಗೆ ಹೋಗಿ, ಇನ್ನೂ ಇಲ್ಲ ಎಂದು ಹೇಳಿಬಂದಳು. ಇಪ್ಪತ್ತಮೂರನೆಯ ದಿನ ಫೋನ್ ಬರುವ ಮೊದಲು ಅವಳೇ ಮಾಡಿದಳು.

"ಅಮ್ಮ, ಇವತ್ತು ಇಳಿಸಿದಳಂತೆ. ಅತ್ತಿಮರದ ಬುಡದಲ್ಲಿ. ಸ್ವಲ್ಪ ಹೊತ್ತು ಪಕ್ಕದಲ್ಲೇ ಕೂತಿದ್ದು, ಎದ್ದು ಹೋದಳಂತೆ."

"ತಾನಾಗೇ?"

"ತಾನಾಗೇ."

"ನಿಮ್ಮೋರು ಯಾರೂ ಹತ್ತಿರ ಹೋಗ್ಲಿಲ್ಲ ತಾನೆ?"

"ಇಲ್ಲಮ್ಮ. ದೂರ ನಿಂತು ನೋಡಿದ್ರು."

ಎಂದಿನಂತೆ ಫೋನಿಡುತ್ತಾರೆ ಎಂದು ಇಂದುಮತಿ ಇನ್ನೇನು ಕಿವಿಯಿಂದ ತೆಗೆಯಬೇಕು, ಅಷ್ಟರಲ್ಲಿ ಸುಶೀಲಮ್ಮ ಕೇಳಿದರು.

"ಇಷ್ಟು ವರ್ಷ ಅಲ್ಲಿ ಇದೇ ಕೆಲಸಾನಾ ನೀನು ಮಾಡಿದ್ದು? ಹೀಗೆ ದೂರ ನಿಂತು ಕಾಯೋದು?"

"ಹೂಂ ಅಮ್ಮ. ಇದೇ."

"ಒಳ್ಳೇ ಕೆಲಸ ಕಣಮ್ಮ," ಎಂದರು ಸುಶೀಲಮ್ಮ. "ನಮ್ಮೂರಲ್ಲೂ ಯಾರಾದ್ರೂ ಒಬ್ರು ಅದನ್ನ ಮಾಡ್ಬೇಕಿತ್ತು."